ಕಳ್ಳ ಯಾರೆಂದು ಗೊತ್ತಿದ್ದರೂ ಬಾಯಿ ಬಿಡಬೇಡಿ

ಪ್ರಶ್ನೆ: ನಾವಿರುವುದು ಮುಲುಂಡ್‌ನಲ್ಲಿ, ಊರು ಕುಂದಾಪುರದ ಕಡೆ. ಹೈಸ್ಕೂಲಿನಲ್ಲಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತಂದು ಪಠ್ಯಪುಸ್ತಕದೊಳಗೆ ಅಡಗಿಸಿ ಓದಿದವಳು ನಾನು. ಈಗ ಮತ್ತೆ ಷರ್ಲಾಕ್ ಹೋಮ್ಸ್ ಓದಲು ಶುರು ಮಾಡಿದ್ದೇನೆ. ಮಗನಿಗೆ ಒಂಬತ್ತು, ಮಗಳಿಗೆ ಹನ್ನೆರಡು. ಇಬ್ಬರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಮಗನ ಕೈಗೆ ಹೋಮ್ಸ್ ಕೊಟ್ಟರೆ ಎರಡು ಪುಟಕ್ಕೆ ಮುಚ್ಚಿಟ್ಟ. ಮಗಳು ‘ಸೀರಿಯಲ್‌ನಲ್ಲಿ ನೋಡಿದ್ದೀನಿ, ಕೊನೆ ಗೊತ್ತು’ ಅನ್ನುತ್ತಾಳೆ. ಈ ಕಥೆಗಳನ್ನು ಮಕ್ಕಳಿಗೆ ದಾಟಿಸುವುದು ಹೇಗೆ? ಕೊಲೆ, ರಕ್ತ ಈ ವಯಸ್ಸಿಗೆ ಸರಿಯಾ? ಕನ್ನಡದಲ್ಲಿ, ಈ ಕಡೆಯ ಪುಸ್ತಕಗಳಲ್ಲಿ ಏನು ಕೊಡಬಹುದು?

ಉತ್ತರ: ಮೊದಲು ನಿಮ್ಮ ಮಗನ ಪರವಾಗಿ ಒಂದು ಮಾತು. ಎರಡು ಪುಟಕ್ಕೆ ಪುಸ್ತಕ ಮುಚ್ಚಿದ್ದನ್ನು ಸೋಮಾರಿತನ ಅಂತ ತಿಳಿಯಬೇಡಿ. ಕಾನನ್ ಡಾಯ್ಲ್ ಹೋಮ್ಸ್ ಕಥೆಗಳನ್ನು ಬರೆದದ್ದು ದೊಡ್ಡವರಿಗೆ. 1891ರ ಜುಲೈಯಿಂದ ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ತಿಂಗಳಿಗೊಂದರಂತೆ ಕಥೆಗಳು ಬಂದವು. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಪತ್ರಿಕೆ ಕೊಂಡು, ಒಂದೇ ಪಟ್ಟಿಗೆ ಓದಿ ಮುಗಿಸುವವರಿಗೆ ಅವು ಹೇಳಿ ಮಾಡಿಸಿದಂತಿದ್ದವು. ಆದರೆ ಶುರುವಾಗುವುದು ನಿಧಾನ. ಹೋಮ್ಸ್ ಇರುವ ಬೇಕರ್ ಸ್ಟ್ರೀಟಿನ ಕೋಣೆ, ಒಲೆಯ ಬೆಂಕಿ, ಹೊರಗೆ ಮಂಜು, ಅವನ ಗೆಳೆಯ ವಾಟ್ಸನ್ನನ ಮದುವೆಯ ಸುದ್ದಿ. ಒಂಬತ್ತು ವರ್ಷದ ಹುಡುಗ ಕಳ್ಳ ಎಲ್ಲಿ ಅಂತ ಕಾಯುತ್ತಾನೆ. ಎರಡು ಪುಟ ಕಾದಿದ್ದಾನೆ. ಪಾಪ, ಅದೇ ಜಾಸ್ತಿ.

ಹಾಗಾಗಿ ಪುಸ್ತಕ ಅವನ ಕೈಗೆ ಕೊಡಬೇಡಿ. ನೀವೇ ಹೇಳಿ. ಪುಸ್ತಕ ನಿಮ್ಮ ಮಡಿಲಲ್ಲಿರಲಿ, ಕಥೆ ಕನ್ನಡದಲ್ಲಿ ಬರಲಿ. ಸಾಲು ಸಾಲಾಗಿ ಅನುವಾದ ಮಾಡುವ ಗೋಜು ಬೇಡ. ಒಂದು ಪುಟದ ಮೇಲೆ ಕಣ್ಣಾಡಿಸಿ, ತಲೆ ಎತ್ತಿ, ನಿಮ್ಮ ಮಾತಿನಲ್ಲಿ ಹೇಳಿ. ಕುಂದಾಪುರದ ಕನ್ನಡದಲ್ಲೇ ಹೇಳಿದರೆ ಇನ್ನೂ ಒಳ್ಳೆಯದು. ಹೋಮ್ಸ್ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೀವು ಈಗ ಮತ್ತೆ ಓದುತ್ತಿದ್ದೇನೆ ಅಂದಿರಲ್ಲ, ಅದೇ ನಿಮ್ಮ ಬಂಡವಾಳ. ಮೊದಲ ಸಲ ಓದುವಾಗ ನಮಗೆ ಕೊನೆ ಬೇಕಿರುತ್ತದೆ, ಪುಟ ಹಾರಿಸಿಯಾದರೂ ಅಲ್ಲಿಗೆ ಹೋಗಿ ಮುಟ್ಟಬೇಕು. ಎರಡನೇ ಸಲ ಕೊನೆ ಗೊತ್ತಿರುತ್ತದೆ, ಕಣ್ಣು ಬೇರೆ ಕಡೆ ಹೋಗುತ್ತದೆ. ಸುಳಿವನ್ನು ಎಲ್ಲಿಟ್ಟ, ಅದರ ಪಕ್ಕದಲ್ಲಿ ಯಾವ ಗಲಾಟೆ ಎಬ್ಬಿಸಿ ನಮ್ಮನ್ನು ಯಾಮಾರಿಸಿದ ಅನ್ನುವುದೆಲ್ಲ ಆಗ ಕಾಣುತ್ತದೆ. ಮಕ್ಕಳು ಮೊದಲ ಸಲದ ಓದುಗರು, ನೀವು ಎರಡನೇ ಸಲದವರು. ಎಲ್ಲಿ ನಿಲ್ಲಿಸಿದರೆ ಅವರ ತಲೆ ಓಡಲು ಶುರುವಾಗುತ್ತದೆ ಅನ್ನುವುದು ನಿಮಗೆ ಮಾತ್ರ ಗೊತ್ತು. ಆ ಜಾಗ ಹಿಡಿದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಬಾಯಿ ಮುಚ್ಚಿಕೊಂಡಿರುವುದು, ಅದೇ ಕಷ್ಟ. ಮಗು ತಪ್ಪು ಊಹೆ ಮಾಡುತ್ತಿರುವಾಗ ‘ಅಲ್ಲ ಕಣೋ, ಸರಿಯಾಗಿ ಯೋಚಿಸು’ ಅನ್ನುವ ಚಪಲ ಎಲ್ಲ ಅಪ್ಪ ಅಮ್ಮಂದಿರಿಗೂ ಇರುತ್ತದೆ. ಹಾಗೆಂದ ಕೂಡಲೇ ಅದು ಪರೀಕ್ಷೆಯಾಗಿಬಿಡುತ್ತದೆ. ಮಕ್ಕಳಿಗೆ ಪರೀಕ್ಷೆಗಳು ಬೇಕಾದಷ್ಟಿವೆ.

ಶುರು ಮಾಡಲು ನಾನು ಯಾವಾಗಲೂ ಹೇಳುವುದು ಕೆಂಪುಗೂದಲಿನವರ ಸಂಘದ ಕಥೆಯನ್ನು. ಹೋಮ್ಸ್‌ನ ಎರಡನೇ ಸಣ್ಣಕಥೆ ಅದು, 1891ರ ಆಗಸ್ಟಿನದು. ಅದರಲ್ಲಿ ಕೊಲೆಯಿಲ್ಲ, ರಕ್ತದ ಹನಿಯೂ ಇಲ್ಲ. ಮುಂಬಯಿಯ ಕನ್ನಡ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇದೆ. ಊರಿಗೊಂದು, ಜಾತಿಗೊಂದು, ಉಪನಗರಕ್ಕೊಂದು ಸಂಘ ಇರುವ ಶಹರ ನಮ್ಮದು. ಕೂದಲಿನ ಬಣ್ಣಕ್ಕೂ ಒಂದು ಸಂಘ ಅಂದರೆ ಅವರಿಗೆ ತಕ್ಷಣ ನಗು ಬರುತ್ತದೆ. ನಕ್ಕ ಮಗು ಕಥೆಯೊಳಗೆ ಬಂದಾಯಿತು.

ಕಥೆ ನಿಮಗೆ ನೆನಪಿದ್ದೀತು, ಆದರೂ ಹೇಳುತ್ತೇನೆ, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕಾಗಿ. ಜಾಬೆಜ್ ವಿಲ್ಸನ್ ಅಂತ ಒಬ್ಬ ಗಿರವಿ ಅಂಗಡಿಯವ. ತಲೆ ತುಂಬ ಬೆಂಕಿಯಂಥ ಕೆಂಪು ಕೂದಲು. ಅಂಗಡಿಯಲ್ಲಿ ಒಬ್ಬನೇ ಸಹಾಯಕ, ಅರ್ಧ ಸಂಬಳಕ್ಕೆ ಬಂದು ಸೇರಿದವನು. ಕೆಲಸದಲ್ಲಿ ಚುರುಕು. ಒಂದೇ ಚಟ ಅಂದರೆ ಫೋಟೋಗ್ರಫಿ, ಆಗಾಗ ನೆಲಮಾಳಿಗೆಗೆ ಓಡುತ್ತಾನೆ. ಒಂದು ದಿನ ಆ ಸಹಾಯಕನೇ ಪೇಪರ್ ಹಿಡಿದು ಬರುತ್ತಾನೆ: ಕೆಂಪುಗೂದಲಿನವರ ಸಂಘದಲ್ಲಿ ಒಂದು ಹುದ್ದೆ ಖಾಲಿ ಇದೆ. ವಿಲ್ಸನ್ ಹೋಗುತ್ತಾನೆ, ಕೆಲಸ ಸಿಗುತ್ತದೆ. ದಿನಾ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ಒಂದು ಕೋಣೆಯಲ್ಲಿ ಕೂತು ಎನ್‌ಸೈಕ್ಲೊಪೀಡಿಯ ಬ್ರಿಟಾನಿಕಾ ನಕಲು ಮಾಡಬೇಕು. ವಾರಕ್ಕೆ ನಾಲ್ಕು ಪೌಂಡ್. ಷರತ್ತು ಒಂದೇ, ಆ ಹೊತ್ತಿನಲ್ಲಿ ಕೋಣೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಎಂಟು ವಾರ ಬರೆದ. ‘ಎ’ ಅಕ್ಷರವೇ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಹೋದರೆ ಬಾಗಿಲಿಗೆ ಚೀಟಿ: ಸಂಘ ವಿಸರ್ಜನೆಯಾಗಿದೆ.

ವಿಲ್ಸನ್ ಬಂದು ಹೇಳಿದ್ದನ್ನೆಲ್ಲ ಕೇಳಿದ ಹೋಮ್ಸ್, ಇದು ಮೂರು ಪೈಪ್ ತಂಬಾಕು ಸೇದಿ ಮುಗಿಸುವಷ್ಟು ಹೊತ್ತಿನ ಸಮಸ್ಯೆ, ಐವತ್ತು ನಿಮಿಷ ನನ್ನನ್ನು ಮಾತಾಡಿಸಬೇಡ ಅಂತ ವಾಟ್ಸನ್ನನಿಗೆ ಹೇಳಿ ಕುರ್ಚಿಯಲ್ಲಿ ಮುದುಡಿ ಕೂರುತ್ತಾನೆ. ನಿಲ್ಲಿಸುವ ಜಾಗವನ್ನು ಡಾಯ್ಲೇ ಮಾಡಿಕೊಟ್ಟಿದ್ದಾನೆ. ಪುಸ್ತಕ ಮುಚ್ಚಿ, ನಿಮ್ಮ ಮಕ್ಕಳಿಗೂ ಐವತ್ತು ನಿಮಿಷ ಕೊಡಿ. ಅಷ್ಟರಲ್ಲಿ ನೀವು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟು ಬನ್ನಿ. ಬೇಕಾದ ಸುಳಿವೆಲ್ಲ ಅವರ ಕೈಗೆ ಬಂದಾಗಿದೆ. ಅರ್ಧ ಸಂಬಳ, ನೆಲಮಾಳಿಗೆ, ಜಾಹೀರಾತು ತಂದವನೇ ಸಹಾಯಕ, ಯಜಮಾನ ದಿನಕ್ಕೆ ನಾಲ್ಕು ಗಂಟೆ ಅಂಗಡಿಯಲ್ಲಿ ಇಲ್ಲದಿರುವುದು. ಆದರೆ ಡಾಯ್ಲ್ ನಮ್ಮ ಕಣ್ಣಿಗೆ ರಾಚುವಂತೆ ಇಟ್ಟಿರುವುದು ಆ ಕೆಂಪು ಕೂದಲನ್ನು. ಮಕ್ಕಳು ಖಂಡಿತ ಕೂದಲಿನ ಹಿಂದೆ ಬೀಳುತ್ತಾರೆ. ಬೀಳಲಿ. ‘ಆ ಕೂದಲು ಕಿತ್ತು ವಿಗ್ ಮಾಡಿ ಮಾರುತ್ತಾರೆ’ ಅನ್ನುವ ಉತ್ತರ ಬಂದರೆ ಬರೆದಿಟ್ಟುಕೊಳ್ಳಿ, ಕೆಟ್ಟ ಊಹೆಯೇನೂ ಅಲ್ಲ.

ಎರಡನೇ ನಿಲುಗಡೆ ಸ್ವಲ್ಪ ಮುಂದೆ ಇದೆ. ಹೋಮ್ಸ್ ಆ ಅಂಗಡಿಗೆ ಹೋಗಿ ಎದುರಿನ ಕಲ್ಲುಹಾಸಿನ ಮೇಲೆ ಕೋಲಿನಿಂದ ಎರಡು ಮೂರು ಸಲ ಕುಟ್ಟುತ್ತಾನೆ. ಬಾಗಿಲು ತಟ್ಟಿ ಸಹಾಯಕನ ಹತ್ತಿರ ಸುಮ್ನೆ ದಾರಿ ಕೇಳುತ್ತಾನೆ. ವಾಪಸು ಬರುವಾಗ ವಾಟ್ಸನ್ ಕೇಳುತ್ತಾನೆ, ಅವನ ಮುಖ ನೋಡೋಕೆ ಹೋದೆಯಾ ಅಂತ. ಮುಖ ಅಲ್ಲ, ಪ್ಯಾಂಟಿನ ಮಂಡಿ ಅನ್ನುತ್ತಾನೆ ಹೋಮ್ಸ್. ಇಲ್ಲಿ ಮತ್ತೆ ಪುಸ್ತಕ ಮುಚ್ಚಿ. ಈ ಸಲ ಮಗಳಿಗೆ ಹೊಳೆಯುವ ಸಾಧ್ಯತೆ ಜಾಸ್ತಿ. ಮಂಡಿ ಸವೆದಿದೆ, ಮಣ್ಣಾಗಿದೆ ಅಂದರೆ ಮನುಷ್ಯ ಮಂಡಿಯೂರಿ ಏನೋ ಮಾಡುತ್ತಿದ್ದಾನೆ. ಎಲ್ಲಿ? ನೆಲಮಾಳಿಗೆಯಲ್ಲಿ. ಏನು? ಅಂಗಡಿಯ ಬೆನ್ನಿಗೆ ಒಂದು ಬ್ಯಾಂಕ್ ಇದೆ ಅಂತ ಮುಂದಿನ ಪುಟದಲ್ಲಿ ಬರುತ್ತದೆ, ಅದಕ್ಕೆ ಸುರಂಗ ಕೊರೆಯುತ್ತಿದ್ದಾನೆ, ಅಲ್ಲಿಗೆ ಲೆಕ್ಕ ಮುಗಿಯಿತು.

ಕಥೆ ಮುಗಿದ ಮೇಲೆ ‘ಇದೆಲ್ಲ ನಿಜವಾಗಿ ಆಗುತ್ತದಾ?’ ಅಂತ ಮಗ ಕೇಳುತ್ತಾನೆ. ಆಗುತ್ತದೆ, ನಿಮ್ಮ ಮನೆಯಿಂದ ತುಂಬ ದೂರವೂ ಅಲ್ಲ. 2017ರ ನವೆಂಬರಿನಲ್ಲಿ ನವಿ ಮುಂಬಯಿಯ ಜುಯಿನಗರದಲ್ಲಿ ಕಳ್ಳರು ಒಂದು ಬ್ಯಾಂಕಿನ ಹತ್ತಿರ ಅಂಗಡಿ ಬಾಡಿಗೆಗೆ ಹಿಡಿದಿದ್ದರು. ಮೇಲೆ ಅಂಗಡಿ ನಡೆಯುತ್ತಿತ್ತು, ಕೆಳಗೆ ಸುರಂಗ ಕೊರೆಯುತ್ತಿದ್ದರು. ಸುರಂಗ ಹೋಗಿ ಸೇರಿದ್ದು ಬ್ಯಾಂಕಿನ ಲಾಕರ್ ಕೋಣೆಗೆ. ಡಾಯ್ಲ್ ಬರೆದು 126 ವರ್ಷ ಆದಮೇಲೆ. ಹಳೆಯ ಕಥೆ ಅಂತ ಮೂಗು ಮುರಿಯುವ ಮಕ್ಕಳಿಗೆ ಇದೊಂದನ್ನು ಹೇಳಿ ನೋಡಿ.

ಮಗಳಿಗೂ ಇದರಲ್ಲಿ ಕೆಲಸ ಇದೆ. ಕೊನೆ ಗೊತ್ತು ಅನ್ನುತ್ತಾಳಲ್ವಾ, ಹಾಗಾದರೆ ಅವಳೂ ಎರಡನೇ ಸಲದ ಓದುಗಳೇ. ಅವಳನ್ನು ನಿಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಿ. ತಮ್ಮನಿಗೆ ಕಥೆ ಹೇಳುವ ಜವಾಬ್ದಾರಿ ಅವಳದು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅವಳೇ ಆರಿಸಲಿ. ಕೊನೆ ಗೊತ್ತಿದ್ದರೆ ಮಜಾ ಹೋಯಿತು ಅನ್ನುವುದು ಪೂರ್ತಿ ಸರಿಯಲ್ಲ. ರವಿಚಂದ್ರನ್ ಅಭಿನಯದ ‘ದೃಶ್ಯ’ 2014ರಲ್ಲಿ ಬಂದಾಗ ಏನಾಯಿತು? ಸತ್ತವನು ಯಾರು, ಕೊಂದವರು ಯಾರು ಅನ್ನುವುದು ನಮ್ಮ ಕಣ್ಣೆದುರೇ ನಡೆಯುತ್ತದೆ. ಆದರೂ ಸೀಟಿನ ತುದಿಯಲ್ಲಿ ಕೂತು ನೋಡಿದೆವು. ಈ ವಿದ್ಯೆ ಹಳೆಯದು. ಆಸ್ಟಿನ್ ಫ್ರೀಮನ್ ಅನ್ನುವ ಇಂಗ್ಲಿಷ್ ಲೇಖಕ 1912ರ ಒಂದು ಕಥಾಸಂಕಲನದಲ್ಲೇ ಅಪರಾಧವನ್ನು ಮೊದಲು ತೋರಿಸಿ, ಪತ್ತೇದಾರ ಅದನ್ನು ಹೇಗೆ ಬಿಡಿಸುತ್ತಾನೆ ಅನ್ನುವುದನ್ನು ಆಮೇಲೆ ಹೇಳಿದ.

ಅವಳಿಗೆ ಇನ್ನೊಂದು ಆಟ ಹೇಳಿಕೊಡಿ: ಲೇಖಕನನ್ನೇ ಹಿಡಿಯುವುದು. ಕೆಂಪುಗೂದಲಿನ ಕಥೆಯಲ್ಲಿ ಜಾಹೀರಾತು ಬಂದ ಪೇಪರಿನ ತಾರೀಖು 1890ರ ಏಪ್ರಿಲ್ 27. ಅದು ಎರಡು ತಿಂಗಳ ಹಿಂದಿನದು ಅಂತ ಕಥೆ ಹೇಳುತ್ತದೆ. ಬಾಗಿಲಿನ ಚೀಟಿಯ ಮೇಲೆ ಮಾತ್ರ ಅಕ್ಟೋಬರ್ 9. ಎಂಟು ವಾರದಲ್ಲಿ ಏಪ್ರಿಲ್ ಹೇಗೆ ಅಕ್ಟೋಬರ್ ಆಯಿತು? ಇಂಥವು ಡಾಯ್ಲ್‌ನಲ್ಲಿ ಎಷ್ಟೋ ಇವೆ. ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಾಗಿದ್ದು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಅವನ ಹೆಸರು ಜಾನ್, ಒಂದು ಕಥೆಯಲ್ಲಿ ಹೆಂಡತಿ ಜೇಮ್ಸ್ ಅಂತ ಕರೆಯುತ್ತಾಳೆ. ಹನ್ನೆರಡು ವರ್ಷದವರಿಗೆ ದೊಡ್ಡವರ ತಪ್ಪು ಹಿಡಿಯುವುದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ.

ಎರಡನೇ ಕಥೆಗೆ ಕುದುರೆ ಕಳೆದುಹೋಗುವ ‘ಸಿಲ್ವರ್ ಬ್ಲೇಜ್’ ತೆಗೆದುಕೊಳ್ಳಿ. ರಾತ್ರಿ ನಾಯಿ ಬೊಗಳಲಿಲ್ಲ, ಅಂದರೆ ಬಂದವನು ಅದಕ್ಕೆ ಗುರುತಿನವನೇ ಅನ್ನುವ ಸುಳಿವಿಗೆ ಈ ಕಥೆ ಹೆಸರುವಾಸಿ. ನನ್ನ ಮಟ್ಟಿಗೆ ಅದಕ್ಕಿಂತ ಚೆಂದದ ಸುಳಿವು ಮಟನ್ ಸಾರಿನದು. ಲಾಯದ ಹುಡುಗನ ಊಟಕ್ಕೆ ಅಫೀಮು ಬೆರೆಸಿರುತ್ತಾರೆ, ಸಾರಿನ ಮಸಾಲೆಯಲ್ಲಿ ಅದರ ರುಚಿ ಗೊತ್ತಾಗುವುದಿಲ್ಲ. ಹೊರಗಿನ ಕಳ್ಳನಿಗೆ ಆ ರಾತ್ರಿ ಮನೆಯಲ್ಲಿ ಸಾರೇ ಮಾಡುತ್ತಾರೆ ಅಂತ ಹೇಗೆ ಗೊತ್ತು? ಈ ಪ್ರಶ್ನೆ ನಾಯಿಗಿಂತ ಮೊದಲೇ ಕಳ್ಳನನ್ನು ಹಿಡಿಯುತ್ತದೆ. ಅಡುಗೆಮನೆಯ ವ್ಯವಹಾರ ಬಲ್ಲವರಿಗೆ ಬೇಗ ಹೊಳೆಯುತ್ತದೆ.

ಇನ್ನು ಕೊಲೆಯ ವಿಷಯ. ರಾಮಾಯಣ, ಮಹಾಭಾರತ ಕೇಳಿ ಬೆಳೆದ ಮಕ್ಕಳಿಗೆ ಸಾವು ಹೊಸದಲ್ಲ. ಕಥೆಯಲ್ಲಿ ಒಬ್ಬ ಸತ್ತಿದ್ದಾನೆ ಅನ್ನುವುದು ಅವರನ್ನು ಅಷ್ಟು ಕಾಡುವುದಿಲ್ಲ. ಅವರು ಹೆದರುವುದು ಬೇರೆಯದಕ್ಕೆ: ಮನೆಯೊಳಗಿನವರೇ ಕೆಟ್ಟವರಾಗುವುದು, ತಮ್ಮ ಹಾಸಿಗೆ, ತಮ್ಮ ಕೋಣೆ ಸುರಕ್ಷಿತ ಅಲ್ಲ ಅನ್ನಿಸುವುದು. ಹಾಗಾಗಿ ಹೆಣದ ಲೆಕ್ಕ ಹಾಕಬೇಡಿ, ಅಪಾಯ ಎಲ್ಲಿಂದ ಬರುತ್ತದೆ ನೋಡಿ. ‘ಸ್ಪೆಕಲ್ಡ್ ಬ್ಯಾಂಡ್’ ಕಥೆಯಲ್ಲಿ ಡಾಕ್ಟರಾದ ಮಲತಂದೆಯೇ ಖಳ. ಹಾವು ಬರುವುದು ಮಲಗುವ ಕೋಣೆಯ ಗಾಳಿಕಿಂಡಿಯಿಂದ. ಒಬ್ಬನೇ ಮಲಗಲು ಹೆದರುವ ಮಗುವಿಗೆ ಇದನ್ನು ರಾತ್ರಿ ಹೇಳಿದರೆ ನಿದ್ದೆ ಕೆಡುವುದು ನಿಮ್ಮದು. ಭಾನುವಾರ ಮಧ್ಯಾಹ್ನ ಹೇಳಿ.

ಬಿಡಬೇಡಿ ಮಾತ್ರ, ಯಾಕೆಂದರೆ ನಮ್ಮ ಮಕ್ಕಳು ಡಾಯ್ಲ್‌ಗಿಂತ ಜಾಣರಾಗಬಲ್ಲ ಕಥೆ ಅದು. ಹಾವು ‘ಭಾರತದ ಅತ್ಯಂತ ವಿಷಕಾರಿ ಜವುಗು ಹಾವು’ ಅನ್ನುತ್ತಾನೆ ಹೋಮ್ಸ್. ಅಂಥ ಹಾವೇ ಇಲ್ಲ. ಅದಕ್ಕೆ ಬಟ್ಟಲಲ್ಲಿ ಹಾಲಿಟ್ಟು ಸಾಕಿದ್ದಾರೆ. ಹಾಲು ಹಾವಿನ ಆಹಾರ ಅಲ್ಲ ಅಂತ ನಾಗರಪಂಚಮಿಗೆ ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವೆ. ಸಿಳ್ಳೆ ಹಾಕಿದರೆ ಅದು ವಾಪಸು ಬರುತ್ತದಂತೆ. ಹಾವಿಗೆ ಹೊರಗಿವಿಯೇ ಇಲ್ಲ, ಅದು ಹೆಚ್ಚಾಗಿ ನಂಬುವುದು ನೆಲದ ಅದುರುವಿಕೆಯನ್ನು. ಖಳ ಡಾಕ್ಟರು ಭಾರತದಿಂದ ತರಿಸಿದ ಪ್ರಾಣಿಗಳಲ್ಲಿ ಒಂದು ಚೀತಾ, ಒಂದು ಬಬೂನ್. ಚೀತಾ ಆಗ ನಮ್ಮಲ್ಲಿತ್ತು, ಸರಿ. ಬಬೂನ್ ಆಫ್ರಿಕಾ ಮತ್ತು ಅರೇಬಿಯಾದ ಕೋತಿ, ಇಲ್ಲಿನ ಕಾಡಿನಲ್ಲಿ ಅದು ಎಂದೂ ಇರಲಿಲ್ಲ. ಪುಟಕ್ಕೊಂದು ತಪ್ಪು ಹುಡುಕಿ ಅಂದರೆ ಮಗ ಈ ಸಲ ಪುಸ್ತಕ ಕೆಳಗಿಡುವುದಿಲ್ಲ. ಇಷ್ಟೆಲ್ಲ ತಪ್ಪಿದ್ದರೂ ನೆಲಕ್ಕೆ ಜಡಿದ ಮಂಚ, ಎಳೆದರೆ ಬಾರಿಸದ ಗಂಟೆಯ ಹಗ್ಗ ಅನ್ನುವ ಆ ಎರಡು ಸುಳಿವು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನಿಸುತ್ತವೆ. ಅದು ಬೇರೆ ಮಾತು.

ಕೆಲವನ್ನು ಸದ್ಯಕ್ಕೆ ಕಪಾಟಿನ ಮೇಲಿನ ಹಲಗೆಯಲ್ಲಿಡಿ. ಕತ್ತರಿಸಿದ ಕಿವಿಗಳು ಪಾರ್ಸೆಲ್‌ನಲ್ಲಿ ಬರುವ ‘ಕಾರ್ಡ್‌ಬೋರ್ಡ್ ಬಾಕ್ಸ್’ ಬೇಡ. ‘ಸೈನ್ ಆಫ್ ಫೋರ್’ ಶುರುವಾಗುವುದೇ ಹೋಮ್ಸ್ ಕೊಕೇನ್ ಚುಚ್ಚಿಕೊಳ್ಳುವುದರಿಂದ. ಆ ಕಾಲದ ಇಂಗ್ಲೆಂಡಿನಲ್ಲಿ ಅದಕ್ಕೆ ಕಾನೂನಿನ ತಡೆ ಇರಲಿಲ್ಲ ಅಂತ ಮಗಳಿಗೆ ಹೇಳಬಹುದು. ಅದಕ್ಕಿಂತ ಕಸಿವಿಸಿ ಆಗುವುದು ಅಂಡಮಾನಿನ ಮನುಷ್ಯನನ್ನು ಅದರಲ್ಲಿ ಚಿತ್ರಿಸಿದ ರೀತಿ. ನನಗಂತೂ ಅದನ್ನು ಮಕ್ಕಳೆದುರು ಗಟ್ಟಿಯಾಗಿ ಓದಲು ಬಾಯಿ ಬರುವುದಿಲ್ಲ. ಮಗಳು ಹದಿನಾಲ್ಕಾದ ಮೇಲೆ ತಾನೇ ಓದಿ ಜಗಳ ಆಡಲಿ. ಅಗಾಥಾ ಕ್ರಿಸ್ಟಿಯೂ ಆಗಲೇ. ಅವರ ‘ರೋಜರ್ ಅಕ್ರಾಯ್ಡ್’ ಕಾದಂಬರಿ ಕೊಟ್ಟ ದಿನ ಮನೆಯಲ್ಲಿ ಯಾರೂ ಅದರ ಬಗ್ಗೆ ತುಟಿ ಬಿಚ್ಚಬಾರದು. 1926ರ ಆ ಪುಸ್ತಕದ ಕೊನೆಯನ್ನು ಬಾಯಿ ಬಿಡುವುದು ಪಾಪದ ಕೆಲಸ, ನಾನೂ ಹೇಳುವುದಿಲ್ಲ. ಮುಗಿಸಿದ ಮೇಲೆ ಅವಳು ತಾನಾಗಿ ಮೊದಲ ಪುಟಕ್ಕೆ ವಾಪಸು ಹೋಗುತ್ತಾಳೆ, ನೋಡುತ್ತಿರಿ.

ಅದಕ್ಕೂ ಮೊದಲು ಕೊಡಬಹುದಾದದ್ದು ಚೆಸ್ಟರ್ಟನ್ನನ ಫಾದರ್ ಬ್ರೌನ್ ಅನ್ನುವ ಪತ್ತೇದಾರ ಪಾದ್ರಿಯ ಕಥೆಗಳು, 1911ರ ಮೊದಲ ಸಂಕಲನದಿಂದ ಎರಡು ಮೂರು. ‘ಇನ್ವಿಸಿಬಲ್ ಮ್ಯಾನ್’ ನೀವು ಓದಿಲ್ಲದಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಒಂದು ಫ್ಲ್ಯಾಟಿನಲ್ಲಿ ಕೊಲೆ. ಕೆಳಗೆ ಕಾವಲಿದ್ದ ನಾಲ್ವರೂ ಒಂದೇ ಮಾತು ಹೇಳುತ್ತಾರೆ, ಯಾರೂ ಒಳಗೆ ಹೋಗಿಲ್ಲ. ಆದರೆ ಹಿಮದ ಮೇಲೆ ಹೆಜ್ಜೆಗುರುತು ಇದೆ. ಹೋದವನು ಪೋಸ್ಟ್‌ಮ್ಯಾನ್. ಅವನನ್ನು ಯಾರೂ ‘ಯಾರೋ’ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಥೆ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ನಿಮ್ಮ ಸೊಸೈಟಿಯ ಗೇಟಿಗೆ ಹೋಗಿ. ರಿಜಿಸ್ಟರಿನಲ್ಲಿ ಯಾರ ಹೆಸರೆಲ್ಲ ಬರೆಸುತ್ತಾರೆ, ಯಾರನ್ನು ಕೇಳದೇ ಬಿಡುತ್ತಾರೆ ನೋಡಲಿ. ಬೆಳಿಗ್ಗೆ ಆರರಿಂದ ಎಂಟರ ತನಕ ಲಿಫ್ಟಿನಲ್ಲಿ ಹೋಗಿ ಬಂದವರನ್ನು ವಾಚ್‌ಮನ್ ಎಷ್ಟು ನೆನಪಿಟ್ಟಿರುತ್ತಾರೆ ಕೇಳಲಿ. ಹಾಲಿನವನು, ಪೇಪರಿನವನು, ಕಸ ಒಯ್ಯುವವಳು, ಕಾರು ತೊಳೆಯುವ ಹುಡುಗ.

ಕನ್ನಡ ಓದಲು ತಡವರಿಸುತ್ತಾರೆ ಅಂದಿರಿ. ಪತ್ತೇದಾರಿ ಕಥೆ ಅದಕ್ಕೂ ಆಗಿಬರುತ್ತದೆ. ನೀವು ಬಾಯಲ್ಲಿ ಹೇಳುವಾಗ ಕಥೆಯೊಳಗಿನ ಚೀಟಿ, ಟೆಲಿಗ್ರಾಂ, ಜಾಹೀರಾತುಗಳನ್ನು ಮಾತ್ರ ಹೇಳಬೇಡಿ. ಅವನ್ನು ಕನ್ನಡದಲ್ಲಿ ಕಾಗದದ ಮೇಲೆ ಬರೆದು ಮೊದಲೇ ಇಟ್ಟುಕೊಂಡಿರಿ. ‘ಕೆಂಪುಗೂದಲಿನವರ ಸಂಘ ವಿಸರ್ಜನೆಯಾಗಿದೆ’ ಅಂತ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿ. ಅದನ್ನು ಓದದೆ ಕಥೆ ಮುಂದೆ ಹೋಗದು. ಒತ್ತಕ್ಷರದ ಹತ್ತಿರ ಎಡವುತ್ತಾನೆ, ಆದರೂ ಬಿಡುವುದಿಲ್ಲ.

ಇದರ ಮುಂದಿನ ಮೆಟ್ಟಿಲು ಗುಪ್ತಲಿಪಿ. 1903ರ ‘ಡ್ಯಾನ್ಸಿಂಗ್ ಮೆನ್’ ಕಥೆಯಲ್ಲಿ ಕುಣಿಯುವ ಗೊಂಬೆಗಳ ಸಾಲು ಬರುತ್ತದೆ. ಒಂದೊಂದು ಗೊಂಬೆ ಒಂದೊಂದು ಅಕ್ಷರ, ಕೈಯಲ್ಲಿ ಬಾವುಟ ಇದ್ದರೆ ಅಲ್ಲಿಗೆ ಪದ ಮುಗಿಯಿತು. ಇಂಗ್ಲಿಷಿನಲ್ಲಿ ‘ಇ’ ಅಕ್ಷರ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತದೆ. ಹೆಚ್ಚು ಸಲ ಬಂದ ಗೊಂಬೆ ಅದೇ ಇರಬೇಕು ಅಂತ ಹೋಮ್ಸ್ ಎಳೆ ಹಿಡಿಯುತ್ತಾನೆ. ಕಥೆ ದುಃಖದ್ದು, ಅದನ್ನು ಆಮೇಲೆ ಹೇಳಿದರಾಯಿತು. ಲಿಪಿಯನ್ನು ಮಾತ್ರ ಎತ್ತಿಕೊಳ್ಳಿ, ಕನ್ನಡಕ್ಕೆ ಹೊಂದಿಸಿ. ಇಲ್ಲಿ ನಮ್ಮ ಕಾಗುಣಿತ ಎಷ್ಟು ನೆರವಿಗೆ ಬರುತ್ತದೆ ನೋಡಿ: ವ್ಯಂಜನಕ್ಕೆ ಗೊಂಬೆಯ ಕಾಲಿನ ಭಂಗಿ, ಸ್ವರಕ್ಕೆ ಕೈಯ ಭಂಗಿ. ‘ಕ’ಕ್ಕೆ ಕಾಲು ಅಗಲಿಸಿ ನಿಂತ ಗೊಂಬೆ ಅಂದುಕೊಳ್ಳಿ. ಎರಡೂ ಕೈ ಕೆಳಗಿದ್ದರೆ ‘ಕ’, ಬಲಗೈ ಎತ್ತಿದರೆ ‘ಕಾ’, ಎಡಗೈ ಎತ್ತಿದರೆ ‘ಕಿ’. ಎಲ್ಲ ವ್ಯಂಜನಕ್ಕೂ ಕೈಯ ನಿಯಮ ಒಂದೇ. ಈ ಆಟ ಆಡಿದ ಮಕ್ಕಳು ಕಾಗುಣಿತವನ್ನು ಬಾಯಿಪಾಠ ಮಾಡದೇ ಕಲಿಯುವುದನ್ನು ನಾನು ನೋಡಿದ್ದೇನೆ. ಅಜ್ಜಿಗೆ ಗೊಂಬೆ ಲಿಪಿಯಲ್ಲಿ ಕಾಗದ ಬರೆದು ಕುಂದಾಪುರಕ್ಕೆ ಕಳಿಸಲಿ. ಅಜ್ಜಿ ಬಿಡಿಸುತ್ತಾರೆ, ಅನುಮಾನ ಬೇಡ.

ನೀವು ಪಠ್ಯಪುಸ್ತಕದೊಳಗೆ ಇಟ್ಟು ಓದಿದ ಕನ್ನಡ ಕಾದಂಬರಿಗಳನ್ನು ಮಕ್ಕಳಿಗೆ ಹಾಗೇ ಕೊಡಿ ಅಂತ ಹೇಳಲಾರೆ. ಅವು ದೊಡ್ಡವರ ಪುಸ್ತಕಗಳೇ. ನಿಮಗಾಗಿ ಒಂದೆರಡನ್ನು ಹುಡುಕಿ ಮತ್ತೆ ಓದಿ. ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ಇಯತ್ತೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಓದಲೆಂದೇ ಅಕ್ಷರ ಕೂಡಿಸಿ ಓದುವುದನ್ನು ರೂಢಿಸಿಕೊಂಡವರು ಎಷ್ಟೋ ಜನ. ಈ ಊರಿನ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದ ನಮ್ಮ ಹುಡುಗರ ತಲೆದಿಂಬಿನ ಕೆಳಗೂ ಇಂಥ ಪುಸ್ತಕಗಳೇ ಇರುತ್ತಿದ್ದವು. ಹಳದಿ-ಕೆಂಪು ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಕಾರರು ಅಂದರೆ ಮಕ್ಕಳು 
ನಂಬುವುದಿಲ್ಲ, ಹೇಳಿ ನೋಡಿ. ‘ಬಂಗಾರದ ಮನುಷ್ಯ’ ಸಿನಿಮಾಕ್ಕೆ ಮೂಲ ಕಾದಂಬರಿ ಕೊಟ್ಟ ಟಿ.ಕೆ. ರಾಮರಾವ್ ಅವರದೂ ಅದೇ ಕಸುಬು. ಇನ್ನೆರಡು ವರ್ಷ ಬಿಟ್ಟು ಮಗಳ ಜೊತೆ ಕೂತು ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿ. ‘ಚಿದಂಬರ ರಹಸ್ಯ’ವನ್ನು ನೀವು ಈಗಲೇ ಮತ್ತೆ ಓದಬಹುದು. ಏಲಕ್ಕಿ ವಿಜ್ಞಾನಿಯೊಬ್ಬನ ಸಾವಿನ ತನಿಖೆಗೆ ಹೊರಟ ಕಥೆ ಊರಿಗೆ ಊರನ್ನೇ ಕಟಕಟೆಗೆ ತಂದು ನಿಲ್ಲಿಸುವುದು ಎರಡನೇ ಓದಿನಲ್ಲಿ ಚೆನ್ನಾಗಿ ಕಾಣುತ್ತದೆ.

ಅಂದ ಹಾಗೆ, ಹೋಮ್ಸ್‌ಗಿಂತ ಹಿಂದಿನ ಒಂದು ದೊಡ್ಡ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ. ವಿಲ್ಕಿ ಕಾಲಿನ್ಸ್‌ನ ‘ಮೂನ್‌ಸ್ಟೋನ್’, 1868ರದು. 1799ರಲ್ಲಿ ಕೋಟೆ ಬಿದ್ದ ದಿನ ಒಬ್ಬ ಇಂಗ್ಲಿಷ್ ಅಧಿಕಾರಿ ವಜ್ರ ಕದಿಯುತ್ತಾನೆ, ಅದರ ಹಿಂದೆಯೇ ಕಥೆ ಇಂಗ್ಲೆಂಡಿಗೆ ಹೋಗುತ್ತದೆ. ಮಕ್ಕಳಿಗೆ ಉದ್ದವಾಯಿತು, ನಿಮಗೆ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು.

ಮಗ ತಾನೇ ಓದಬಹುದಾದ ಪುಸ್ತಕ ಅಂದರೆ ಎರಿಕ್ ಕೆಸ್ಟ್ನರ್‌ನ ‘ಎಮಿಲ್ ಆ್ಯಂಡ್ ದ ಡಿಟೆಕ್ಟಿವ್ಸ್’. ಜರ್ಮನಿಯಲ್ಲಿ 1929ರಲ್ಲಿ ಬಂದದ್ದು, ಇಂಗ್ಲಿಷಿನಲ್ಲಿ ಸಿಗುತ್ತದೆ. ಹುಡುಗನೊಬ್ಬ ರೈಲಿನಲ್ಲಿ ನಿದ್ದೆ ಹೋದಾಗ ಜೇಬಿನ 140 ಮಾರ್ಕ್ ಕಳುವಾಗುತ್ತದೆ. ಬರ್ಲಿನ್ನಿನ ಹುಡುಗರ ದಂಡು ಸೇರಿ ಕಳ್ಳನ ಬೆನ್ನು ಬೀಳುತ್ತದೆ. ಆ ನೋಟು ತನ್ನದೇ ಅಂತ ಸಾಬೀತು ಮಾಡುವುದು ಹೇಗೆ? ರೈಲಿನಲ್ಲಿ ನಿದ್ದೆ ಹೋಗುವ ಮೊದಲು ಅವನ್ನು ಪಿನ್ ಚುಚ್ಚಿ ಕೋಟಿಗೆ ಸಿಕ್ಕಿಸಿದ್ದ. ನೋಟಿನಲ್ಲಿ ತೂತು ಇದೆ. ಲೋಕಲ್ ಟ್ರೇನಿನಲ್ಲಿ ಓಡಾಡುವ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಈ ಕಡೆಯ ಪುಸ್ತಕ ಕೇಳಿದಿರಿ. 2020ರ ಕಾನೂನಿನಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಹಾಗಾಗಿ ಮಕ್ಕಳಿಗೆ ಮರಾಠಿ ಓದಲು ಬರುತ್ತಿರಬೇಕು. ಭಾ. ರಾ. ಭಾಗವತರ ‘ಫಾಸ್ಟರ್ ಫೇಣೆ’ ತಂದುಕೊಡಿ. ಪುಣೆ ಹತ್ತಿರದ ಫುರಸುಂಗಿಯ ಸಣಕಲು ಹುಡುಗ ಬನೇಶ್ ಫೇಣೆ, ಪುಣೆಯಲ್ಲಿ ಓದುತ್ತಾನೆ, ಸೈಕಲ್ ಏರಿದರೆ ಹಿಡಿಯುವವರಿಲ್ಲ. ಇದನ್ನು ಅವರು ಓದಲಿ, ನೀವು ಕೇಳಿ. ನಿಮಗೆ ಅರ್ಥವಾಗದ ಕಡೆ ಅವರು ಕನ್ನಡದಲ್ಲಿ ಹೇಳಬೇಕಾಗುತ್ತದೆ. ಅಮ್ಮನಿಗೆ ಪಾಠ ಹೇಳುವ ಅವಕಾಶವನ್ನು ಯಾವ ಮಗು ಬಿಟ್ಟೀತು?

ಸತ್ಯಜಿತ್ ರೇ ಅವರ ಬಂಗಾಳಿ ಪತ್ತೇದಾರ ಫೆಲುದಾ ಹುಟ್ಟಿದ್ದೇ ಮಕ್ಕಳ ಪತ್ರಿಕೆ ‘ಸಂದೇಶ್’ನಲ್ಲಿ, 1965ರಲ್ಲಿ. ಗೋಪಾ ಮಜುಂದಾರ್ ಅವರ ಇಂಗ್ಲಿಷ್ ಅನುವಾದ ಸಲೀಸಾಗಿ ಓದಿಸಿಕೊಳ್ಳುತ್ತದೆ. ಒಂದು ಕಥೆ ಮುಂಬಯಿಯಲ್ಲೇ ನಡೆಯುತ್ತದೆ, ಒಂದು ಎಲ್ಲೋರದಲ್ಲಿ. ಎಲ್ಲೋರಕ್ಕೆ ಹೋಗುವ ಯೋಚನೆ ಇದ್ದರೆ ಅದಕ್ಕೂ ಮೊದಲು ಓದಿ. ಬಂಗಾಳಿಯ ಇನ್ನೊಬ್ಬ ಪತ್ತೇದಾರ ಬ್ಯೋಮಕೇಶ್ ಬಕ್ಷಿ ಮಾತ್ರ ಈಗ ಬೇಡ, ಅಲ್ಲಿನ ಸಂಸಾರದ ತಾಪತ್ರಯಗಳು ಮಕ್ಕಳಿಗೆ ಹಿಡಿಸುವುದಿಲ್ಲ. 1993ರ ದೂರದರ್ಶನದ ಧಾರಾವಾಹಿ ನಿಮಗೆ ನೆನಪಿರಬಹುದು. ಬ್ಯೋಮಕೇಶ್ ಕಥೆಗಳ ಲೇಖಕ ಶರದಿಂದು ಬಂದ್ಯೋಪಾಧ್ಯಾಯ 1938ರಲ್ಲಿ ಬಾಂಬೆ ಟಾಕೀಸ್‌ಗೆ ಚಿತ್ರಕಥೆ ಬರೆಯಲು ಇಲ್ಲಿಗೆ ಬಂದವರು. 1952ರಲ್ಲಿ ಸಿನಿಮಾ ಬಿಟ್ಟು ಪುಣೆಯಲ್ಲಿ ನೆಲೆಸಿದರು. ಕಲ್ಕತ್ತೆಯ ಗಲ್ಲಿಗಳ ಎಷ್ಟೋ ರಹಸ್ಯ ಬಿಡಿಸಿದ್ದು ಪುಣೆಯಲ್ಲಿ ಕೂತು.

ಪುಸ್ತಕಕ್ಕೆ ಜಾಸ್ತಿ ಖರ್ಚು ಮಾಡಬೇಡಿ. ಮಾಟುಂಗದ ಕಿಂಗ್ಸ್ ಸರ್ಕಲ್, ಫ್ಲೋರಾ ಫೌಂಟನ್ ಕಡೆಯ ಫುಟ್‌ಪಾತಿನ ಅಂಗಡಿಗಳಲ್ಲಿ ಹೋಮ್ಸ್, ಕ್ರಿಸ್ಟಿ ಹುಡುಕಿದರೆ ಸಿಗುತ್ತಾರೆ. ಹಳೆಯ ಕನ್ನಡ ಕಾದಂಬರಿ ಬೇಕಾದರೆ ಕನ್ನಡ ಸಂಘಗಳ ಹಿರಿಯ ಸದಸ್ಯರನ್ನು ವಿಚಾರಿಸಿ. ಅವರ ಅಟ್ಟದ ಮೇಲೆ ಇರುತ್ತವೆ, ಕೇಳುವವರಿಲ್ಲ ಅಷ್ಟೇ.

ಕೊನೆಯದಾಗಿ, ನಿಮ್ಮ ಕನ್ನಡದ ಹೋಮ್ಸ್ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಊರಿನ ಮಕ್ಕಳಿಗೂ ಕಳಿಸಬಹುದು. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ನಮ್ಮಲ್ಲಿ ಲೇಖಕರ ಹಕ್ಕು ಅವರ ನಂತರ 60 ವರ್ಷ, ಹಾಗಾಗಿ ಅದು ಯಾವಾಗಲೋ ಮುಗಿದಿದೆ. ಚೆಸ್ಟರ್ಟನ್ನನದೂ ಅಷ್ಟೇ. ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ, ಅವರ ಕಥೆಗಳನ್ನು ಹಾಗೆ ಹಂಚಲು 2036 ಮುಗಿಯುವ ತನಕ ಕಾಯಬೇಕು. ಮನೆಯ ಸೋಫಾದಲ್ಲಿ ಕೂತು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.